ದಾರ ಕಚ್ಚಿದ ಸದ್ದು

ಬೀಗಿತ್ತಿಯ ತಟ್ಟೆಯಲ್ಲಿ ಬ್ರೆಡ್ಡಿನ ತುಂಡು ಇನ್ನೂ ಹಾಗೇ ಬಿದ್ದಿತ್ತು. ಅದರ ಒಂದು ಮೂಲೆಯನ್ನು ಬೆರಳಿನಿಂದ ಚಿವುಟಿ, ಚಹಾದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡದ್ದಷ್ಟೇ. ಆಮೇಲೆ ಅವರು ಕಿಟಕಿಯ ಕಡೆ ತಿರುಗಿ, ಸೆರಗಿನ ಅಂಚನ್ನು ತುಟಿಗೆ ಒತ್ತಿಕೊಂಡು, ರಸ್ತೆಯಲ್ಲಿ ಗಂಟೆ ಬಾರಿಸುತ್ತ ಹೋಗುವ ಟ್ರಾಮುಗಳನ್ನು ನೋಡುತ್ತ ಕೂತುಬಿಟ್ಟಿದ್ದರು. ಎದುರಿಗಿದ್ದ ಟೈಲರಮ್ಮನಿಗೆ ಟ್ರಾಮೂ ಬೇಡ, ರಸ್ತೆಯೂ ಬೇಡ. ಜೀವಮಾನದಲ್ಲಿ ಮೊದಲ ಸಲ ಪರದೇಶಕ್ಕೆ ಬಂದು ಅವಳು ಕಣ್ಣಿಟ್ಟು ನೋಡುತ್ತಿದ್ದದ್ದು ಆ ಬ್ರೆಡ್ಡಿನ ತುಂಡನ್ನು. ಪಕ್ಕದಲ್ಲಿ ಮಗಳು ಮತ್ತು ಅಳಿಯ ಹೋಟೆಲ್ಲಿನ ಮೇಜಿನ ಮೇಲಿದ್ದ ಒಂದೊಂದನ್ನೂ ತಂದು ರಾಶಿ ಹಾಕಿಕೊಂಡು, ಇದನ್ನು ಅದರ ಜೊತೆ ತಿನ್ನಬೇಕೋ, ಅದನ್ನು ಇದರ ಜೊತೆಯೋ ಎಂದು ಜಗಳವಾಡುತ್ತಿದ್ದರು. ಚಿಕ್ಕ ಪ್ರವಾಸ, ವಾರವೂ ತುಂಬುವುದಿಲ್ಲ. ಗಂಡನನ್ನು ಕಳೆದುಕೊಂಡು ಒಂಟಿಯಾಗಿರುವ ಇಬ್ಬರು ತಾಯಂದಿರಿಗೂ ಲೋಕ ತೋರಿಸಿದಂತಾಗಲಿ ಎಂದು ಕರೆದುಕೊಂಡು ಬಂದಿದ್ದರು. ಮಗಳು "ಅಮ್ಮಾ" ಎಂದರೂ, ಅಳಿಯ "ಅಮ್ಮಾ" ಎಂದರೂ ಇಬ್ಬರು ಹೆಂಗಸರೂ ಒಟ್ಟಿಗೆ ತಿರುಗುತ್ತಿದ್ದರು, ಆಮೇಲೆ ಒಬ್ಬರು ಪೆಚ್ಚಾಗಿ ಎತ್ತಲೋ ನೋಡುತ್ತಿದ್ದರು. "ಬೀಗ್ರೇ, ಇನ್ನೊಂಚೂರು ಹಾಕ್ಲಾ? ಬೆಣ್ಣೆ ಹಚ್ಚಿ ಕೊಡ್ತೀನಿ," ಎಂದಳು ಟೈಲರಮ್ಮ. "ಬೇಡ ಬೀಗ್ರೇ. ಹಸಿವಿಲ್ಲ," ಎಂದರು ಬೀಗಿತ್ತಿ, ತುಟಿಯನ್ನು ಹೆಚ್ಚು ಅಲುಗಿಸದೆ. ಆ ಮಾತು ಅವಳಿಗೆ ಸೂಜಿಯಂತೆ ಚುಚ್ಚಿತು. ಇದೇ ಮಾತನ್ನು ಅವರು ಮದುವೆಯ ದಿನವೂ ಹೇಳಿ ಕಳಿಸಿದ್ದರು.

ಮಗಳ ಮದುವೆಯಾಗಿ ಆಗಲೇ ನಾಲ್ಕು ವರ್ಷ. ಗಂಡಿನ ತಾಯಿಯನ್ನು ಹೆಣ್ಣಿನ ತಾಯಿ ತಾನೇ ಹೋಗಿ, ಎದುರು ನಿಂತು, ಊಟಕ್ಕೆ ಏಳಬೇಕು ಎಂದು ಕರೆಯಬೇಕು. ಅವರು ಈಗಲೇ ಬೇಡ ಎನ್ನಬೇಕು. ಇವಳು ಮತ್ತೆ ಕರೆಯಬೇಕು. ಮೊದಲು ನಿಮ್ಮವರದಾಗಲಿ ಎಂದು ಅವರು ಇನ್ನೊಂದು ಸಲ ಎಳೆದಾಡಿ, ಕೊನೆಗೆ ಮನಸ್ಸಿಲ್ಲದವರ ಹಾಗೆ ಏಳಬೇಕು. ಇದನ್ನೆಲ್ಲ ಯಾರೂ ಹೇಳಿಕೊಡುವುದಿಲ್ಲ, ಆದರೆ ತಪ್ಪಿದರೆ ಮಾತ್ರ ಛತ್ರದಲ್ಲಿದ್ದವರಿಗೆಲ್ಲ ಗೊತ್ತಾಗುತ್ತದೆ. ಕರೆಯುವ ಹೊತ್ತಿಗೆ ಸರಿಯಾಗಿ ಮಗಳ ರವಿಕೆಯ ಕಂಕುಳ ಹೊಲಿಗೆ ಬಿಟ್ಟುಕೊಂಡಿತು. ಬೀದಿಗೆಲ್ಲ ರವಿಕೆ ಹೊಲಿದುಕೊಡುವವಳ ಸ್ವಂತ ಮಗಳ ರವಿಕೆ ಮದುವೆಯ ದಿನವೇ ಬಾಯಿಬಿಟ್ಟರೆ ಮಾನ ಉಳಿಯುತ್ತದೆಯೇ? ಬಾಗಿಲು ಹಾಕಿಕೊಂಡು ಸೂಜಿ ಹಿಡಿದಳು. ತಮ್ಮನನ್ನು ಕರೆದು, "ಬೀಗಿತ್ತಿಯೋರನ್ನ ಊಟಕ್ಕೆ ಎಬ್ಬಿಸು, ನಾನು ಬಂದೆ ಅನ್ನು," ಎಂದು ಕಳಿಸಿದಳು. ತಮ್ಮ ಹೋಗಿ ಬಂದು, "ಹಸಿವಿಲ್ಲ ಅಂತಾರೆ ಅಕ್ಕ," ಎಂದ. ಮತ್ತೆ ಕಳಿಸಿದಳು. ಮತ್ತೆ ಅದೇ. ಕೊನೆಯ ಗಂಟು ಹಾಕಿ, ದಾರ ಕಡಿದು, ಎದ್ದುಬಿದ್ದು ಓಡುವಷ್ಟರಲ್ಲಿ ಬೀಗಿತ್ತಿ ಕಾರು ಹತ್ತಿ ಹೊರಟಾಗಿತ್ತು. ಒಂದು ಅಗುಳನ್ನೂ ಮುಟ್ಟಿರಲಿಲ್ಲ. ಗಂಡಿನ ಕಡೆಯ ಹೆಂಗಸರು ಅಂಗೈ ಅಡ್ಡ ಹಿಡಿದು ಆಡಿಕೊಂಡದ್ದು ಅವಳಿಗೆ ಕೇಳಿಸಿತು: ತಮ್ಮನ ಕೈಲಿ ಕರೆಸಿದಳಂತೆ, ಅವರೇನು ಕೂಲಿಗೆ ಬಂದವರೇ? ಅದಕ್ಕೂ ಮುಂಚೆ ತೆಗೆದ ಮದುವೆಯ ಫೋಟೋ ಈಗಲೂ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲುಗಡೆ ಗೋಡೆಗೆ ನೇತಾಡುತ್ತಿದೆ. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ, ಬೀಗಿತ್ತಿಯೊಬ್ಬರು ತುಟಿ ಬಿಗಿದು ನಿಂತಿದ್ದಾರೆ. ಸೂಜಿಗೆ ದಾರ ಪೋಣಿಸಲೆಂದು ಬೆಳಕಿಗೆ ತಲೆಯೆತ್ತಿದಾಗಲೆಲ್ಲ ಅವಳ ಕಣ್ಣಿಗೆ ಮೊದಲು ಬೀಳುವುದು ಆ ತುಟಿಗಳು. ಆ ಸಿಟ್ಟು ಆಗಲೇ ಇತ್ತಲ್ಲ, ಇನ್ನಾವ ತಪ್ಪು ಮಾಡಿದ್ದೆನೋ ಎಂದು ಅವಳು ಮದುವೆಯ ದಿನವನ್ನು ಬೆಳಗಿನಿಂದ ಮತ್ತೆ ಬಿಚ್ಚಿ ನೋಡುತ್ತಾಳೆ. ಆಮೇಲೂ ಅಷ್ಟೇ. ಮಗಳ ಮನೆಯಲ್ಲಿ ಎದುರಾದಾಗಲೆಲ್ಲ ಬೀಗಿತ್ತಿ "ಊಟ ಮುಗಿಸ್ಕೊಂಡೇ ಬಂದೆ" ಎಂದು ಬರೀ ಕಾಫಿ ಕುಡಿದು ಹೊರಡುವವರು. ಒಂದು ಸಲ, ಒಂದೇ ಒಂದು ಸಲ ಅವರು ತನ್ನ ಕೈಯಿಂದ ಹೊಟ್ಟೆ ತುಂಬ ಉಣ್ಣಲಿ ಎನ್ನುವುದು ಟೈಲರಮ್ಮನ ಆಸೆ; ವಿಮಾನ ಹತ್ತುವಾಗ ಬೆಟ್ಟ, ಸೇತುವೆ, ಅರಮನೆ ಯಾವುದೂ ಅವಳ ತಲೆಯಲ್ಲಿರಲಿಲ್ಲ.

ವಿಮಾನ ಹತ್ತುವುದಕ್ಕೆ ಮೊದಲೇ ಮಾನ ಹೋಗಿತ್ತು ಅನ್ನಿ. ತಪಾಸಣೆಯವನು ಅವಳ ಕೈಚೀಲವನ್ನು ಪಕ್ಕಕ್ಕೆ ಎಳೆದು, ಒಳಗಿನಿಂದ ಹೆಬ್ಬೆರಳುದ್ದದ ದಾರ ಕತ್ತರಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಅವಳ ಸ್ವಂತ ಮದುವೆಯಾದ ಹೊಸತರಿಂದಲೂ ಜೊತೆಗಿದ್ದ ಕತ್ತರಿ. "ಅಮ್ಮ, ಯಾರಾದ್ರೂ ಕತ್ತರಿ ತರ್ತಾರಾ?" ಎಂದು ಮಗಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಕತ್ತರಿ ಹೋಗಿ ಡಬ್ಬಕ್ಕೆ ಬಿತ್ತು. ಬೀಗಿತ್ತಿ ಎಲ್ಲವನ್ನೂ ನೋಡಿ ಸೆರಗನ್ನು ತುಟಿಗೆ ಒತ್ತಿಕೊಂಡರು. ನಗು ಬಂದಿರಬೇಕು ಎಂದುಕೊಂಡಳು ಇವಳು. ಅವರು ದೊಡ್ಡ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಅವರ "ಹಲೋ" ಕೇಳುವುದಕ್ಕೆಂದೇ ಜನ ಕೆಲಸವಿಲ್ಲದಿದ್ದರೂ ಫೋನು ಮಾಡುತ್ತಿದ್ದರು ಎಂದು ಅಳಿಯ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಅಂಥ ದನಿಯವರು ತನ್ನೆದುರು ಒಂದೊಂದು ಮಾತನ್ನೂ ಅಳೆದು ಕತ್ತರಿಸಿ ಆಡುವುದನ್ನು ಕಂಡರೆ ಏನೆಂದುಕೊಳ್ಳಬೇಕು? ಸೂಜಿ ಹಿಡಿಯುವವಳ ಜೊತೆ ಏನು ಮಾತು ಎಂದಿರಬೇಕು. ಮೊದಲ ದಿನ ಅಳಿಯ ಇಬ್ಬರನ್ನೂ ಬೆಟ್ಟದ ಕಲ್ಲು ಮೆಟ್ಟಿಲು ಹತ್ತಿಸಿ ಇಳಿಸಿದ, ಹಳೆಯ ಗೋಡೆಯೊಂದನ್ನು ಮುಟ್ಟಿಸಿದ, ನದಿಯ ಸೇತುವೆಯ ಮೇಲೆ ನಿಲ್ಲಿಸಿ ಫೋಟೋ ತೆಗೆದ. ಪ್ರತಿಯೊಂದಕ್ಕೂ "ಇದನ್ನ ನೋಡ್ದೆ ಹೋದ್ರೆ ಬಂದೂ ದಂಡ" ಎನ್ನುವುದು ಅವನ ಪಲ್ಲವಿ. ಟೈಲರಮ್ಮ ಗೋಡೆ ಮುಟ್ಟಿದಳು, ಆದರೆ ನೋಡಿದ್ದು ಮುಂದೆ ಹೋಗುತ್ತಿದ್ದ ಹೆಂಗಸಿನ ಕೋಟಿನ ಭುಜವನ್ನು. ತೋಳನ್ನು ಒಂದು ಬೆರಳು ಹಿಂದಕ್ಕೆ ಕೂಡಿಸಿದ್ದರೆ ಆ ಸುಕ್ಕು ಬರುತ್ತಿರಲಿಲ್ಲ. ಸೇತುವೆ ಇಳಿದರೆ ಒಂದು ತಳ್ಳುಗಾಡಿ. ತೋಳು ಮಡಿಸಿದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಅಂಗೈಯಗಲದ ಹಿಟ್ಟಿನ ಉಂಡೆಯೊಳಗೆ ಏನನ್ನೋ ತುಂಬಿ, ತಟ್ಟಿ, ಎಣ್ಣೆಗೆ ಬಿಡುತ್ತಿದ್ದಳು; ಅದು ಉಬ್ಬಿ, ಹೊರಳಿ, ಕೆಂಪಗಾಗಿ ಮೇಲೆ ಬರುತ್ತಿತ್ತು. ತಿನ್ನುವವರು ಕಚ್ಚಿದರೆ ರಸ್ತೆಯಾಚೆಗೂ ಕೇಳುವಂತೆ ಕರುಂ ಎನ್ನುತ್ತಿತ್ತು. ಅಳಿಯ ಅದರ ಹೆಸರನ್ನು ಎರಡು ಸಲ ಹೇಳಿದ, ಎರಡು ಸಲವೂ ಬೇರೆ ಬೇರೆಯಾಗಿ ಕೇಳಿಸಿತು. ಟೈಲರಮ್ಮನ ಬಾಯಲ್ಲಿ ನೀರೂರಿತು. ಚಿಕ್ಕಂದಿನಿಂದ ಅವಳಿಗೆ ಗರಿಗರಿ ಎಂದರೆ ಪ್ರಾಣ. ಸೀದ ತಳವನ್ನೂ ಕೆರೆದು ತಿನ್ನುವವಳು. "ನನಗೆ ಬೇಡಪ್ಪ," ಎಂದರು ಬೀಗಿತ್ತಿ. ಗಂಡಿನ ತಾಯಿ ಬೇಡ ಎಂದ ಮೇಲೆ ಹೆಣ್ಣಿನ ತಾಯಿ ತಿನ್ನುವುದುಂಟೇ? "ನನಗೂ ಬೇಡಪ್ಪ," ಎಂದಳು ಇವಳು. ಅಳಿಯ, ಮಗಳು ಕರುಂ ಕರುಂ ಎಂದು ತಿಂದರು. ಇಬ್ಬರು ತಾಯಂದಿರು ನದಿಯನ್ನು ನೋಡಿದರು. ನದಿ ಚೆನ್ನಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅವಳಿಗೆ ಬೇಗ ಎಚ್ಚರವಾಯಿತು. ಪಕ್ಕದ ಮಂಚದಲ್ಲಿ ಬೀಗಿತ್ತಿ ಗೋಡೆಯ ಕಡೆ ಮುಖ ಮಾಡಿ, ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಮಲಗಿದ್ದರು. ಹಿಂದಿನ ದಿನ ಬಚ್ಚಲಿಗೆ ಅವರೇ ಮೊದಲು ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದರು. ಇವಳು ಅದನ್ನೂ ಲೆಕ್ಕಕ್ಕೆ ಹಿಡಿದು, ತಾನು ಬಳಸಿದ ಮೇಲೆ ಬಳಸಲು ಅವರಿಗೆ ಹೇಸಿಗೆಯೋ ಏನೋ ಎಂದು ಕೊರಗಿದ್ದಳು. ಸದ್ದಾಗದಂತೆ ಬಚ್ಚಲಿಗೆ ಹೋದಳು. ಕನ್ನಡಿಯ ಕೆಳಗೆ ಹೋಟೆಲ್ಲಿನ ಚಹಾ ಬಟ್ಟಲೊಂದು, ಮೇಲೆ ತಟ್ಟೆ ಮುಚ್ಚಿದ್ದು. ರಾತ್ರಿ ಯಾರೋ ಚಹಾ ಕುಡಿಯದೆ ಬಿಟ್ಟಿದ್ದಾರೆ, ಚೆಲ್ಲಿ ತೊಳೆದಿಡೋಣ ಎಂದು ತಟ್ಟೆ ಎತ್ತಿದಳು. ಬಟ್ಟಲಿನ ನೀರಿನೊಳಗಿಂದ ಎರಡು ಸಾಲು ಹಲ್ಲು ಅವಳನ್ನು ನೋಡಿ ನಕ್ಕವು. ಕೈಯಲ್ಲಿದ್ದ ತಟ್ಟೆ ಬಟ್ಟಲಿಗೆ ತಾಗಿ ಕಿಣ್ ಎಂದಾಗ ಜೀವವೇ ಬಾಯಿಗೆ ಬಂತು. ಇದ್ದ ಹಾಗೇ ಮುಚ್ಚಿ, ಹಿಡಿಕೆ ಯಾವ ಕಡೆಗಿತ್ತೋ ಅದೇ ಕಡೆಗೆ ತಿರುಗಿಸಿ, ನೀರು ಕೂಡ ಮುಟ್ಟದೆ ವಾಪಸು ಬಂದು, ಹೊದ್ದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಬೀಗಿತ್ತಿ ಎದ್ದರು, ಒಂದು ಕ್ಷಣ ಇವಳ ಮಂಚದ ಬಳಿ ನಿಂತರು, ಬಚ್ಚಲಿಗೆ ಹೋದರು, ಚಿಲಕ ಬಿತ್ತು. ಟೈಲರಮ್ಮ ಗೊರಕೆ ಹೊಡೆಯಲೂ ಪ್ರಯತ್ನಿಸಿದಳು, ಆದರೆ ಅದು ಕೆಮ್ಮಾಯಿತು. ಹಾಗಾದರೆ ಆ ಸೆರಗು. ಆ ಬ್ರೆಡ್ಡಿನ ಮೂಲೆ. ಊಟ ಮುಗಿಸಿಕೊಂಡೇ ಬಂದೆ ಎನ್ನುವುದು. ತಾನು ಜಂಬ ಅಂದುಕೊಂಡದ್ದೆಲ್ಲ ಬರೀ ಹಸಿವೇ? ಪಾಪ, ನಿನ್ನೆ ಇಡೀ ದಿನ ಆ ಮೆಟ್ಟಿಲುಗಳನ್ನೆಲ್ಲ ಅವರು ಖಾಲಿ ಹೊಟ್ಟೆಯಲ್ಲಿ ಹತ್ತಿದ್ದರು! ಕಣ್ಣು ಮುಚ್ಚಿದ್ದವಳಿಗೆ ಅಳುವೇ ಬಂತು. ಮದುವೆಯ ದಿನದ ಮಾತು ಬೇರೆ, ಅದು ತನ್ನದೇ ತಪ್ಪು, ಅದರಲ್ಲಿ ಅನುಮಾನವಿಲ್ಲ. ಆದರೆ ಇವತ್ತಿನಿಂದ ಅವರನ್ನು ಹಸಿದಿರಲು ಬಿಡುವುದಿಲ್ಲ ಎಂದುಕೊಂಡಳು. ನೋಡಿದೆ ಎಂದು ಹೇಳುವಂತಿಲ್ಲ. ಹೇಳಿದರೆ ಅವರು ಜನ್ಮದಲ್ಲಿ ಮತ್ತೆ ತನ್ನ ಮುಖ ನೋಡಲಾರರು.

ಬೆಳಗಿನ ತಿಂಡಿಗೆ ಕೂತಾಗ ಅವಳು ಎಡಗೆನ್ನೆಗೆ ಅಂಗೈ ಕೊಟ್ಟು, "ಅಯ್ಯಮ್ಮಾ, ಹಲ್ಲು," ಎಂದಳು. ಮಗಳು ಕಣ್ಣರಳಿಸಿದಳು. "ನಿಂಗೆ ಹಲ್ಲು ನೋವಾ? ಕಬ್ಬು ಸಿಗಿದು ತಿನ್ನೋಳು ನೀನು!" ಟೈಲರಮ್ಮ ನರಳಿದಳು. ಗಟ್ಟಿಯದು ಯಾವುದೂ ತನ್ನಿಂದಾಗದು, ಮೆತ್ತಗಿರುವುದು ಏನಾದರೂ ಸಿಕ್ಕರೆ ನೋಡಿ ಎಂದಳು. ಅಳಿಯ ಬಂಗಾರದಂಥ ಹುಡುಗ. ಅವನಿಗೆ ಒಂದು ಕೆಲಸ ಹೇಳಿದರೆ ಹತ್ತು ಮಾಡುತ್ತಾನೆ. ಹಾಲಿನ ಗಂಜಿಯಂಥದ್ದನ್ನು ಎರಡು ಬಟ್ಟಲು ತಂದಿಟ್ಟ. "ಬೀಗ್ರೇ, ಒಬ್ಬಳೇ ರೋಗಿಷ್ಠೆ ಥರ ಕುಡಿಯೋಕೆ ನಾಚಿಕೆ ಆಗುತ್ತೆ. ನೀವೂ ಜೊತೆಗೆ ತಗೊಳ್ಳಿ," ಎಂದಳು ಇವಳು. ಬೀಗಿತ್ತಿ ಅವಳ ಕೆನ್ನೆಯನ್ನು ನೋಡಿದರು, ಬಟ್ಟಲನ್ನು ನೋಡಿದರು. "ನಿಮಗೋಸ್ಕರ," ಎಂದು ಚಮಚ ಎತ್ತಿದರು. ತಳ ಕಾಣುವವರೆಗೂ ಕೆಳಗಿಡಲಿಲ್ಲ. ಟೈಲರಮ್ಮನ ಹೊಟ್ಟೆ ತಣ್ಣಗಾಯಿತು, ತನ್ನ ಗಂಜಿ ಬಟ್ಟಲಲ್ಲೇ ಆರಿತು. ಆದರೆ ಅಳಿಯ ಅಲ್ಲಿಗೇ ಬಿಡಬೇಕಲ್ಲ! ಔಷಧಿ ಅಂಗಡಿಗೆ ಕರೆದೊಯ್ದ. ಬಿಳಿ ಕೋಟಿನವಳು ಬೀದಿ ಬಾಗಿಲಲ್ಲೇ ನಿಲ್ಲಿಸಿ ಬಾಯಿ ತೆರೆಸಿ, ಟಾರ್ಚು ಬಿಟ್ಟು ನೋಡಿ, ಹಿಂದೆ ಮುಂದೆ ನೋಡಿ, ಅಳಿಯನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಭುಜ ಹಾರಿಸಿದಳು. "ಹಲ್ಲೆಲ್ಲಾ ಗಟ್ಟಿಮುಟ್ಟಾಗಿವೆ ಅಂತಾಳೆ ಅತ್ತೆ, ನರ ಇರಬೇಕಂತೆ," ಎಂದ ಅವನು, ಇನ್ನೂ ಗಾಬರಿಯಲ್ಲೇ. ಕೊಟ್ಟ ಮುಲಾಮನ್ನು ತಿಕ್ಕಿಕೊಂಡರೆ ನಾಲಿಗೆ ಮರದ ತುಂಡಾಯಿತು. ಅವತ್ತು ಮಧ್ಯಾಹ್ನ ಕಲ್ಲು ಚಾವಣಿಯ ಹಳೆಯ ಊಟದ ಮನೆಯಲ್ಲಿ ಬಂದ ಸಾರು, ಮಣ್ಣಿನ ಕುಡಿಕೆಯಲ್ಲಿ ಬಂದ ಕೆನೆಯಂಥ ಸಿಹಿ, ಎರಡರ ರುಚಿಯೂ ಅವಳಿಗೆ ತಿಳಿಯಲಿಲ್ಲ. ಬೀಗಿತ್ತಿ ಮಾತ್ರ ಕುಡಿಕೆಯನ್ನು ಓರೆ ಮಾಡಿ, ಚಮಚದಿಂದ ಸುತ್ತ ಕೆರೆದು ತಿಂದರು. ತಿನ್ನುತ್ತಾ ತಿನ್ನುತ್ತಾ ಅವರಿಗೆ ಮಾತು ಬಂತು. ಆಫೀಸಿನಲ್ಲಿ ಸಾಹೇಬರೊಬ್ಬರು ಹೆಂಡತಿಯ ಫೋನು ಬಂದರೆ ಇಲ್ಲ ಅನ್ನಿ ಎಂದು ಹೇಳಿ, ಹೆಂಡತಿ ಆಗಲೇ ಇವರ ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದದ್ದು ಗೊತ್ತಾಗದೆ ಸಿಕ್ಕಿಬಿದ್ದ ಕಥೆ ಹೇಳಿದರು. ಎಲ್ಲರೂ ನಕ್ಕರು. "ಸ" ಬಂದಾಗ ಅವರ ಮಾತಿನಲ್ಲಿ ಸಣ್ಣ ಸೀಟಿ ಹೊರಡುತ್ತಿತ್ತು. ಮುಂಚೆ ಕೇಳಿಸಿರದ ಆ ಸೀಟಿ ಟೈಲರಮ್ಮನಿಗೆ ಈಗ ಹಿಡಿಸಿತು. ಹೀಗೆಯೇ ಎರಡು ದಿನ ಕಳೆಯಿತು. ಅಳಿಯ ತೋರಿಸಿದ ಗಡಿಯಾರದ ಗೋಪುರ, ದೋಣಿಗಳು, ಹೂವಿನ ಸಂತೆ ಎಲ್ಲವೂ ಅವಳಿಗೆ ಎರಡು ಊಟಗಳ ನಡುವಿನ ದಾರಿಯಾಗಿ ಕಂಡವು. ನಡುವೆ ಒಂದೊಂದು ಸಲ ಸೇತುವೆಯ ಹತ್ತಿರ ಆ ಕರುಂ ಕೇಳಿಸುತ್ತಿತ್ತು. ಆಗ ಅವಳು ಕೆನ್ನೆ ಹಿಡಿದುಕೊಂಡು ಬೇಗ ಬೇಗ ನಡೆಯುತ್ತಿದ್ದಳು. "ಇಷ್ಟು ದೂರ ಬಂದು ಒಂದೂ ತಿನ್ನಲಿಲ್ಲವಲ್ಲಮ್ಮ," ಎಂದು ಮಗಳ ಮುಖ ಸಪ್ಪಗಾದಾಗ ಮಾತ್ರ ಪಾಪಪ್ರಜ್ಞೆ ಕಾಡಿತು. ಪ್ರೀತಿಯಿಂದ ಕರೆತಂದ ಮಕ್ಕಳಿಗೆ ಸುಳ್ಳು ಹೇಳುತ್ತಿದ್ದಾಳೆ; ಆದರೆ ನಿಜ ಅವಳದಾಗಿದ್ದರೆ ತಾನೇ ಹೇಳುವುದು?

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಕ್ಕಳು ಗೋಡೆ ತುಂಬ ಚಿತ್ರ ನೇತುಹಾಕಿದ ದೊಡ್ಡ ಮನೆ ನೋಡಲು ಹೋದರು. ಕಾಲು ನೋವೆಂದು ತಾಯಂದಿರಿಬ್ಬರೂ ಕೋಣೆಯಲ್ಲೇ ಉಳಿದರು. ಕಿಟಕಿಯಿಂದ ಬಿಸಿಲು ಎರಡು ಮಂಚದ ನಡುವೆ ಬಿದ್ದಿತ್ತು. ಬೀಗಿತ್ತಿ ಸೀರೆ ಮಡಿಸುತ್ತಿದ್ದವರು, "ಥೂ, ಫಾಲ್ ಕಿತ್ತುಹೋಗಿದೆ," ಎಂದರು. ಮೆಟ್ಟಿಲಿನ ಕಲ್ಲಿಗೆ ಸಿಕ್ಕಿ ಮೊಳದುದ್ದ ಬಿಟ್ಟುಕೊಂಡಿತ್ತು. "ಕೊಡಿ ಇಲ್ಲಿ," ಎಂದು ಟೈಲರಮ್ಮ ಕೈ ಚಾಚಿದಳು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಅವಳಿಗೆ ತನ್ನ ಕೈಗಳಿಗೆ ಏನು ಕೆಲಸ ಎಂಬುದು ಗೊತ್ತಾಗಿತ್ತು. ಹೋಟೆಲ್ಲಿನವರು ಸಾಬೂನಿನ ಜೊತೆ ಇಟ್ಟಿದ್ದ ಪುಟ್ಟ ಪೊಟ್ಟಣದಲ್ಲಿ ಒಂದು ಸೂಜಿ, ನಾಲ್ಕಾರು ಬಣ್ಣದ ದಾರ. ಸೀರೆಗೆ ಹತ್ತಿರದ ಬಣ್ಣ ಆರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಪೋಣಿಸಿ, ನೆಲದ ಮೇಲೆ ಕೂತಳು. ಸೂಜಿ ಒಂದೊಂದೇ ಎಳೆ ಹಿಡಿದು ಹೋಗುತ್ತಿತ್ತು, ಮೇಲಿನಿಂದ ನೋಡಿದರೆ ಹೊಲಿಗೆ ಕಾಣಬಾರದು. ಬೀಗಿತ್ತಿ ಮಂಚದ ಅಂಚಿಗೆ ಕೂತು ನೋಡುತ್ತಿದ್ದರು. "ಎಷ್ಟು ಬೇಗ ಓಡುತ್ತೆ ನಿಮ್ಮ ಕೈ," ಎಂದರು. ಅವರು ಹೊಗಳಿದ್ದು ಇದೇ ಮೊದಲು. ಟೈಲರಮ್ಮನಿಗೆ ಮೈಯೆಲ್ಲ ಬೆಚ್ಚಗಾಯಿತು, ಕೈ ಇನ್ನಷ್ಟು ಓಡಿತು, ತಾನು ಅಂಗಡಿಯಲ್ಲೇ ಇದ್ದೇನೆ ಎನ್ನಿಸಿತು. ತುದಿಗೆ ಬಂದು ಎರಡು ಗಂಟು ಹಾಕಿದಳು. ಕೈ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಹೋಗಿ ಕತ್ತರಿಗಾಗಿ ತಡಕಿತು. ಕತ್ತರಿ ಇರಲಿಲ್ಲ. ಅವಳು ಬಗ್ಗಿ, ಎಡಗಡೆಯ ಕೋರೆಹಲ್ಲಿಗೆ ದಾರ ಸಿಕ್ಕಿಸಿ, ಕಟ್ ಎಂದು ಕಚ್ಚಿ ಕಡಿದಳು.

ಕೋಣೆಯಲ್ಲಿ ಆ ಸದ್ದು ಬಹಳ ಹೊತ್ತು ಉಳಿಯಿತು. ಬಾಯಲ್ಲಿ ದಾರದ ಚೂರು ಇಟ್ಟುಕೊಂಡೇ ಟೈಲರಮ್ಮ ಕಲ್ಲಾಗಿ ಕೂತಳು. ತಲೆಯೆತ್ತಲು ಧೈರ್ಯವಿಲ್ಲ. "ಬೀಗ್ರೇ," ಎಂದರು ಬೀಗಿತ್ತಿ ಮೆಲ್ಲಗೆ, "ನಿನ್ನೆ ಬಲಗೆನ್ನೆ ಹಿಡ್ಕೊಂಡಿದ್ರಿ. ಮೊನ್ನೆ ಎಡಗೆನ್ನೆ. ನಾನು ಏನೂ ಕೇಳ್ಲಿಲ್ಲ." ಮಂಚದಿಂದ ಸ್ವಲ್ಪ ಬಗ್ಗಿದರು. "ಬಟ್ಟಲು ನೋಡಿದ್ರಾ?" ಸುಳ್ಳು ಹೇಳಲು ಬಾಯಿ ತೆರೆದವಳಿಗೆ ಸುಳ್ಳು ಸಿಗಲಿಲ್ಲ. "ಚಹಾ ಇದೆ ಅಂದ್ಕೊಂಡೆ," ಎಂದಳು. ಬೀಗಿತ್ತಿ ಎದ್ದರು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ನೆಲದ ಮೇಲೆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಟೈಲರಮ್ಮ ಕಾದಳು. ಮುಗಿಯಿತು, ಎಲ್ಲ ಮುಗಿಯಿತು. ಅಂದು ಊಟಕ್ಕೆ ಕರೆಯದೆ ಅವಮಾನ ಮಾಡಿದಳು, ಇಂದು ಉಣ್ಣಿಸುತ್ತೇನೆಂದು ಹೊರಟು ಅದಕ್ಕಿಂತ ದೊಡ್ಡ ಅವಮಾನ ಮಾಡಿದಳು. ಮಗಳು ಬಾಳಬೇಕಾದ ಮನೆ ಅದು. ಊರಿಗೆ ಹೋದ ಮೇಲೆ ಬೀಗಿತ್ತಿ ಕಾಫಿಗೂ ಬರಲಾರರು. ಹಿಂದೊಮ್ಮೆ ಗಿರಾಕಿಯೊಬ್ಬಳ ಬೆನ್ನಿನ ಗೂನನ್ನು ಮುಚ್ಚಲೆಂದು ಇವಳು ಕೇಳದೆಯೇ ರವಿಕೆಗೆ ಒಳಗಡೆ ಪಟ್ಟಿ ಕೂಡಿಸಿಕೊಟ್ಟಿದ್ದಳು. ಆ ಹೆಂಗಸು ತೊಟ್ಟು ನೋಡಿ, ಕನ್ನಡಿಯ ಮುಂದೆ ಸುಮ್ಮನೆ ನಿಂತು, ಮತ್ತೆ ಅಂಗಡಿಯ ಕಡೆ ಬರಲೇ ಇಲ್ಲ. ಅವತ್ತೇ ಬುದ್ಧಿ ಬರಬೇಕಿತ್ತು. ಬಾಗಿಲ ಹತ್ತಿರ ಹೋಗಿ, "ಬೀಗ್ರೇ," ಎಂದಳು, "ನಾನು ಯಾರಿಗೂ ಹೇಳಲ್ಲ. ನನ್ನ ಮಗಳಾಣೆ." ಆಮೇಲೆ ಚಿಲಕ ತೆಗೆದ ಸದ್ದಾಯಿತು. ಬೀಗಿತ್ತಿ ಮುಖ ತೊಳೆದು, ಕೂದಲು ನೀವಿಕೊಂಡು ನಿಂತಿದ್ದರು, ಕಣ್ಣು ಸ್ವಲ್ಪ ಕೆಂಪಗಾಗಿತ್ತು. "ಚಪ್ಪಲಿ ಹಾಕ್ಕೊಳ್ಳಿ," ಎಂದರು. "ನಡೀರಿ."

ಮಕ್ಕಳಿಲ್ಲದೆ, ಭಾಷೆ ಬಾರದೆ, ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ರಸ್ತೆ ದಾಟಿದರು. ಟ್ರಾಮೊಂದು ಗಂಟೆ ಬಾರಿಸಿ ಗದರಿಸಿತು. ಬೀಗಿತ್ತಿ ನೆಟ್ಟಗೆ ಸೇತುವೆಯ ಬಳಿಯ ತಳ್ಳುಗಾಡಿಗೆ ಹೋಗಿ, ತೋಳು ಮಡಿಸಿದ ಹೆಂಗಸಿಗೆ ಎರಡು ಬೆರಳು ತೋರಿಸಿದರು. ಕಾಗದದಲ್ಲಿ ಸುತ್ತಿದ ಬಿಸಿಬಿಸಿ ಪೊಟ್ಟಣಗಳನ್ನು ಹಿಡಿದು ನದಿಯ ದಂಡೆಯ ಬೆಂಚಿಗೆ ಬಂದು ಕೂತರು. ಒಂದನ್ನು ಇವಳ ಕೈಗಿಟ್ಟು, "ತಿನ್ನಿ," ಎಂದರು. "ಎರಡು ದಿನದಿಂದ ನೋಡ್ತಾ ಇದೀನಿ. ಈ ಗಾಡಿ ದಾಟೋವಾಗ ನಿಮ್ಮ ಕತ್ತು ಮಾತ್ರ ಹಿಂದೇನೇ ಉಳ್ಕೊಳ್ಳುತ್ತೆ." "ನೀವು?" "ನೀವು ಕಚ್ಚಿ, ನಾನು ಕೇಳಿಸ್ಕೋತೀನಿ. ನನ್ನ ಕೆಲಸಾನೇ ಅದು ತಾನೇ, ಕೂತು ಕೇಳಿಸ್ಕೊಳ್ಳೋದು." ಟೈಲರಮ್ಮ ಕಚ್ಚಿದಳು. ಕರುಂ ಎಂದಿತು. ಬೀಗಿತ್ತಿ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡರು. ಹಾಗೆ ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದರು. ಮದುವೆಗೆ ಸ್ವಲ್ಪ ಮುಂಚೆ ಒಸಡು ಕೆಟ್ಟು ಹಲ್ಲೆಲ್ಲ ಕೀಳಿಸಬೇಕಾಯಿತು. ಹೊಸ ಹಲ್ಲಿನ ಅಳತೆ ತಪ್ಪಿತ್ತು, ಕೆಳಗಿನದು ಇವತ್ತಿಗೂ ಕೂರುವುದಿಲ್ಲ, ಗಟ್ಟಿ ಕಚ್ಚಿದರೆ ಎದ್ದು ಬರುತ್ತದೆ. "ನಿಮ್ಮಂಥೋರು ಮಾಡಿದ್ರೆ ಬಿಚ್ಚಿ ಇನ್ನೊಂದ್ಸಲ ಹೊಲಿದು ಕೊಡ್ತಿದ್ರಿ," ಎಂದು ನಕ್ಕರು. ಫೋಟೋದವನು ನಗಿ ನಗಿ ಎನ್ನುತ್ತಿದ್ದಾಗ ನಕ್ಕರೆ ಎಲ್ಲಿ ಉದುರಿಬಿಡುತ್ತದೋ ಎಂದು ತುಟಿ ಬಿಗಿದು ನಿಂತಿದ್ದರಂತೆ. ಮಗನಿಗೂ ಈವರೆಗೆ ಹೇಳಿಲ್ಲ; ದನಿಯಿಂದ ಹೆಸರಾದವಳು, ಬಾಯಿಯೇ ತನ್ನದಲ್ಲ ಎಂದು ಹೇಗೆ ಹೇಳುವುದು? "ನಿಮ್ಮ ತಮ್ಮ ಪಾಪ ಬಂದೂ ಬಂದೂ ಕರೆದ. ಪಾಯಸದ ವಾಸನೆ ಕೋಣೇವರೆಗೂ ಬರ್ತಿತ್ತು. ಅಷ್ಟು ಜನರ ಎದುರಿಗೆ ಹೇಗೆ ಕೂರಲಿ? ನೀವೇ ಬಂದು ಕರೆದಿದ್ರೂ ಏಳ್ತಿರ್ಲಿಲ್ಲ ಬೀಗ್ರೇ. ನೀವು ಬರದೇ ಇದ್ದದ್ದೇ ಒಳ್ಳೇದಾಯ್ತು ಅಂದ್ಕೊಂಡೆ. ಬಂದಿದ್ರೆ ನಿಮ್ಮ ಮುಖ ನೋಡಿ ಅತ್ತುಬಿಡ್ತಿದ್ದೆ."

ಟೈಲರಮ್ಮನಿಗೆ ಅಗಿಯುವುದು ಮರೆತುಹೋಯಿತು. ಗೋಡೆಯ ಮೇಲಿನ ಆ ಫೋಟೋ, ಸೂಜಿ ಎತ್ತಿದಾಗಲೆಲ್ಲ ತನ್ನನ್ನು ಬೈಯುತ್ತಿದ್ದ ಆ ತುಟಿಗಳು! ಇಷ್ಟು ವರ್ಷ ತಾನು ಅಲ್ಲಿ ಕೂತು ಅಪರಾಧಿಯಂತೆ ತಲೆ ತಗ್ಗಿಸುತ್ತಿದ್ದಳು, ಇವರು ತಮ್ಮ ಪಾಡಿಗೆ ಬಾಯಿ ಮುಚ್ಚಿಕೊಂಡು ಹಸಿಯುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಹೆಂಗಸಿನ ಮೇಲೆ ಅವಳಿಗೆ ಒಮ್ಮೆಲೇ ತಡೆಯಲಾರದಷ್ಟು ಪ್ರೀತಿ ಉಕ್ಕಿತು, ತಂಗಿಯ ಮೇಲೆ ಬರುವಂಥದ್ದು, ಬೈಯಬೇಕು ಅನ್ನಿಸುವಂಥದ್ದು. ಬೀಗಿತ್ತಿ ಕರವಸ್ತ್ರ ಬಿಡಿಸಿದರು. ನದಿಯ ಕಡೆ ತಿರುಗಿ, ಸೆರಗು ಅಡ್ಡ ಹಿಡಿದು, ಹಲ್ಲು ತೆಗೆದು ಅದರಲ್ಲಿ ಸುತ್ತಿ ಚೀಲದೊಳಗಿಟ್ಟರು. ಆಮೇಲೆ ಸೆರಗನ್ನು ಇಳಿಸಿ ಇವಳ ಕಡೆ ತಿರುಗಿದರು. ಕೆನ್ನೆ ಒಳಗೆ ಹೋಗಿ, ಗದ್ದ ಮೇಲೆ ಬಂದು, ಮುಖ ಚಿಕ್ಕದಾಗಿತ್ತು. ಇವರನ್ನು ಮೊದಲೇ ಹೀಗೆ ನೋಡಿದ್ದರೆ ಹೆದರುತ್ತಲೇ ಇರಲಿಲ್ಲ ಎನ್ನಿಸಿತು ಟೈಲರಮ್ಮನಿಗೆ.

ಅವಳು ಪೊಟ್ಟಣವನ್ನು ಬೆಂಚಿನ ಮೇಲಿಟ್ಟು ಎದ್ದಳು. ಸೆರಗು ಸರಿಮಾಡಿ ಸೊಂಟಕ್ಕೆ ಸಿಕ್ಕಿಸಿದಳು. ದಾರಿಹೋಕರು ನೋಡುತ್ತಿದ್ದರು, ನೋಡಲಿ. ಬೀಗಿತ್ತಿಯ ಎದುರು ಬಂದು ನಿಂತು, ಎರಡೂ ಕೈ ಜೋಡಿಸಿ, ಛತ್ರದಲ್ಲಿ ಹೇಳಬೇಕಾಗಿದ್ದ ದನಿಯಲ್ಲಿ ಹೇಳಿದಳು:

"ಬೀಗ್ರೇ, ಊಟಕ್ಕೆ ಏಳಬೇಕು."

ಈಗಲೇ ಬೇಡ ಎನ್ನಬೇಕಿತ್ತು ಅವರು. ಮೊದಲು ನಿಮ್ಮವರದಾಗಲಿ ಎನ್ನಬೇಕಿತ್ತು. ಬೀಗಿತ್ತಿ ಅವಳನ್ನೇ ನೋಡಿದರು, ಬೊಚ್ಚು ಬಾಯಿ ನಡುಗಿತು. "ಬಂದೆ," ಎಂದು ಒಂದೇ ಕರೆಗೆ ಎದ್ದು ನಿಂತರು.

ಮತ್ತೆ ಇಬ್ಬರೂ ಅದೇ ಬೆಂಚಿಗೆ ಕೂತರು. ಟೈಲರಮ್ಮ ಎರಡನೆಯ ಪೊಟ್ಟಣ ಬಿಚ್ಚಿ, ಗರಿಗರಿ ಹೊರಗಿನದನ್ನು ಒಡೆದು ತನ್ನ ಕಡೆ ಹಾಕಿಕೊಂಡು, ಒಳಗಿನ ಮೆತ್ತಗಿನದನ್ನು ಬೆರಳಿನಿಂದ ಬಿಡಿಸಿ, ಊದಿ ಆರಿಸಿ, ಬೀಗಿತ್ತಿಯ ಅಂಗೈಗೆ ಇಟ್ಟಳು. ಅದು ಆಲೂಗಡ್ಡೆಯೋ ಇನ್ನೇನೋ, ಬೆಣ್ಣೆಯಷ್ಟು ಮೆತ್ತಗಿತ್ತು. ಬೀಗಿತ್ತಿ ತಿಂದರು. ನಾಲಿಗೆಯಿಂದ ಅಂಗುಳಿಗೆ ಒತ್ತಿ, ನಿಧಾನವಾಗಿ, ಬಾಯಿಗೆ ಏನನ್ನೂ ಅಡ್ಡ ಹಿಡಿಯದೆ ತಿಂದರು. ಪಕ್ಕದಲ್ಲಿ ಇವಳು ಕರುಂ ಎನ್ನಿಸಿದಳು. ಬೀಗಿತ್ತಿಯ ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಮಗನೇ ಮಾಡಿರಬೇಕು. ಜೀವನವಿಡೀ ಒಂದು ಫೋನನ್ನೂ ಬಡಿದುಕೊಳ್ಳಲು ಬಿಡದವರು ಅದನ್ನು ಎತ್ತಲಿಲ್ಲ. ತುಟಿಯ ಮೂಲೆಗೆ ಅಂಟಿದ್ದನ್ನು ಬೆರಳಿನಿಂದ ಒರೆಸಿ ಅದನ್ನೂ ನೆಕ್ಕಿದರು. ಆಮೇಲೆ ಖಾಲಿ ಅಂಗೈಯನ್ನು ಇವಳ ಮುಂದೆ ಚಾಚಿದರು.

"ಇನ್ನೊಂಚೂರು ಹಾಕಿ, ಬೀಗ್ರೇ."